ಕೈಗೊಂದು ಅಳತೆ: ಹೆಣಿಗೆಯಲ್ಲಿ ಕುಣಿಕೆ ಮತ್ತು ಸಾಲುಗಳ ಲೆಕ್ಕ



ದೀಪಾವಳಿ ಕಳೆಯಿತು ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಬೆಳಿಗ್ಗೆ ಸಂಜೆ ಚಳಿ ಶುರುವಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಸ್ವೆಟರ್, ಹಸುಗೂಸಿಗೆ ಟೋಪಿ, ಅಜ್ಜ ಅಜ್ಜಿಯರಿಗೆ ಮಫ್ಲರ್ ಬೇಕು ಅಂತ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಹೆಣಿಗೆ ಕಲಿತ ಸಂಘಗಳಿಗೆ ಇದು ನಾಲ್ಕು ಕಾಸು ಸಂಪಾದನೆ ಮಾಡುವ ಕಾಲ. ನಮ್ಮಲ್ಲಿ ಅನೇಕರಿಗೆ ಕೈಕೆಲಸ ಚೆನ್ನಾಗಿ ಬರುತ್ತದೆ. ಕಡ್ಡಿ ಹಿಡಿದರೆ ಟಿವಿ ನೋಡುತ್ತಲೇ ಒಂದು ಗೇಣು ಹೆಣೆದು ಮುಗಿಸುವವರಿದ್ದಾರೆ. ಆದರೂ "ಅಳತೆ ಸರಿ ಬರಲಿಲ್ಲ" ಅನ್ನುವ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಯಾಕೆ ಹೀಗಾಗುತ್ತದೆ, ಇದನ್ನು ತಪ್ಪಿಸೋದು ಹೇಗೆ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ.

ಎಲ್ಲರೂ 86 ಹಾಕಿದರು, ಅಳತೆ ಯಾಕೆ ಬೇರೆ ಬಂತು?

ಸಾಮಾನ್ಯವಾಗಿ ನಾವು ಹೆಣಿಗೆ ಕಲಿಯೋದು ಒಬ್ಬರನ್ನೊಬ್ಬರು ನೋಡಿ. "ಎಂಟು ವರ್ಷದ ಮಗುವಿಗೆ ಎಷ್ಟು ಹಾಕಬೇಕು?" ಅಂತ ಕೇಳುತ್ತೇವೆ. "86 ಹಾಕು" ಅಂತ ಗೊತ್ತಿದ್ದವರು ಹೇಳುತ್ತಾರೆ. ಎಲ್ಲರೂ 86 ಹಾಕುತ್ತೇವೆ. ನೂಲು ಒಂದೇ, ಕಡ್ಡಿಯ ನಂಬರ್ ಒಂದೇ, ಡಿಸೈನ್ ಕೂಡ ಒಂದೇ. ಹೆಣೆದು ಮುಗಿಸಿ ಒಂದರ ಮೇಲೊಂದು ಇಟ್ಟು ನೋಡಿದರೆ ಒಂದು ದೊಡ್ಡದು, ಒಂದು ಚಿಕ್ಕದು!

ಒಂದು ಲೆಕ್ಕ ನೋಡಿ. 26 ಇಂಚು ಎದೆ ಸುತ್ತಳತೆ ಇರುವ ಮಗುವಿಗೆ ಸ್ವೆಟರ್ ಬೇಕು. ಒಳಗೆ ಅಂಗಿ ಇರುತ್ತದೆ, ಮಗು ಕೈಕಾಲು ಆಡಿಸಬೇಕು, ಆದ್ದರಿಂದ 2 ಇಂಚು ಸಡಿಲ ಬಿಟ್ಟು ಸ್ವೆಟರ್‌ನ ಸುತ್ತಳತೆ 28 ಇಂಚು ಅಂತ ಇಟ್ಟುಕೊಳ್ಳೋಣ. ಮುಂಭಾಗ 14 ಇಂಚು, ಹಿಂಭಾಗ 14 ಇಂಚು. ಪ್ರತಿ ಭಾಗಕ್ಕೂ 86 ಕುಣಿಕೆ. ಅದರಲ್ಲಿ 2 ಬದಿಯ ಜೋಡಣೆಗೆ ಹೋಗುತ್ತದೆ, ಉಳಿಯೋದು 84.

ಮೊದಲನೆಯವಳ ಕೈ ಹದವಾಗಿದೆ. ಅವಳಿಗೆ ಒಂದು ಇಂಚಿಗೆ 6 ಕುಣಿಕೆ ಬರುತ್ತದೆ. 84ನ್ನು 6ರಿಂದ ಭಾಗಿಸಿದರೆ ಸರಿಯಾಗಿ 14 ಇಂಚು.

ಎರಡನೆಯವಳು ನೂಲನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಹೆಣೆಯುತ್ತಾಳೆ. ಅವಳಿಗೆ ಇಂಚಿಗೆ ಆರೂವರೆ ಕುಣಿಕೆ. 84ನ್ನು ಆರೂವರೆಯಿಂದ ಭಾಗಿಸಿದರೆ 13 ಇಂಚಿಗೂ ಸ್ವಲ್ಪ ಕಡಿಮೆ. ಎರಡೂ ಭಾಗ ಸೇರಿದರೆ ಸುತ್ತಳತೆ 26 ಇಂಚು ಕೂಡ ಆಗಲಿಲ್ಲ. ಅಂದರೆ ಮಗುವಿನ ಎದೆಗಿಂತ ಸ್ವೆಟರೇ ಚಿಕ್ಕದು!

ಮೂರನೆಯವಳದು ಸಡಿಲ ಕೈ. ಇಂಚಿಗೆ ಐದೂವರೆ ಕುಣಿಕೆ. ಅವಳದು 15 ಇಂಚು ದಾಟಿತು. ಸುತ್ತಳತೆ ಮೂವತ್ತೂವರೆ ಇಂಚು. ಮಗುವಿನ ಮೈಮೇಲೆ ಜೋತಾಡುತ್ತದೆ.

ಒಂದು ಇಂಚಿಗೆ ಬರೀ ಅರ್ಧ ಕುಣಿಕೆಯ ವ್ಯತ್ಯಾಸ. ಕಣ್ಣಿಗೆ ಕಾಣೋದೇ ಇಲ್ಲ. ಆದರೆ ಸ್ವೆಟರ್ ಮುಗಿಯುವಷ್ಟರಲ್ಲಿ ಬಿಗಿ ಕೈಗೂ ಸಡಿಲ ಕೈಗೂ ನಡುವೆ ನಾಲ್ಕೂವರೆ ಇಂಚಿನಷ್ಟು ಅಂತರ ಬಂದುಬಿಟ್ಟಿತು.

ಹೀಗೆ ಅಳತೆ ತಪ್ಪಿದ ಮಾಲನ್ನು ಗಿರಾಕಿ ವಾಪಸ್ ಕಳಿಸಿದಾಗ ನೂಲಿನ ದುಡ್ಡು, ಹಲವು ದಿನಗಳ ದುಡಿಮೆ ಎರಡೂ ಹೋಗುತ್ತದೆ. ಸಂಘದಿಂದ ಸಾಲ ತೆಗೆದು ನೂಲು ತಂದಿದ್ದರೆ ಕಂತು ಕಟ್ಟಲು ಕಷ್ಟ. ಅದಕ್ಕಿಂತ ಹೆಚ್ಚಿನ ನೋವು ಇನ್ನೊಂದಿದೆ. "ನಿನ್ನ ಕೈ ಸರಿಯಿಲ್ಲ, ನಿನ್ನಿಂದ ಸಂಘಕ್ಕೆ ಕೆಟ್ಟ ಹೆಸರು" ಅಂತ ಒಬ್ಬಳನ್ನು ಎಲ್ಲರೂ ಸೇರಿ ಅಂದರೆ ಆಕೆ ಮುಂದಿನ ಸಭೆಗೆ ಬರುವುದಿಲ್ಲ. ಇಂಥದ್ದನ್ನು ನಾವು ನೋಡಿದ್ದೇವೆ. ನಿಜ ಹೇಳಬೇಕಂದರೆ ಆಕೆಯ ಕೈಯಲ್ಲಿ ದೋಷವೇ ಇರಲಿಲ್ಲ. ಆಕೆಯ ಕೈಗೆ ಸರಿಯಾದ ಲೆಕ್ಕ ಯಾರೂ ಹಾಕಿರಲಿಲ್ಲ, ಅಷ್ಟೇ.

ಗೇಜ್ ಅಂದರೇನು?

ಒಂದು ನಿರ್ದಿಷ್ಟ ಅಗಲದಲ್ಲಿ ಎಷ್ಟು ಕುಣಿಕೆ ಬರುತ್ತದೆ, ಅಷ್ಟೇ ಉದ್ದದಲ್ಲಿ ಎಷ್ಟು ಸಾಲು ಬರುತ್ತದೆ ಅನ್ನುವ ಲೆಕ್ಕಕ್ಕೆ ಗೇಜ್ ಅನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ ಇದನ್ನೇ ಟೆನ್ಷನ್ ಅಂತ ಬರೆದಿರುತ್ತಾರೆ. ನೂಲಿನ ಉಂಡೆಗೆ ಸುತ್ತಿರುವ ಕಾಗದದ ಮೇಲೂ ಇದು ಇರುತ್ತದೆ. ಒಂದು ಚಿಕ್ಕ ಚೌಕದ ಚಿತ್ರ, ಅದರ ಬದಿಗಳಲ್ಲಿ 10 ಸೆಂ.ಮೀ. ಅಂತ, ಜೊತೆಗೆ 22 ಮತ್ತು 28 ಈ ರೀತಿಯ ಎರಡು ಸಂಖ್ಯೆ. ಹತ್ತು ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಹತ್ತು ಸೆಂಟಿಮೀಟರ್ ಉದ್ದಕ್ಕೆ 28 ಸಾಲು ಅಂತ ಅದರ ಅರ್ಥ. ಹತ್ತು ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ 4 ಇಂಚು.

ಆದರೆ ಕಾಗದದ ಮೇಲಿನ ಗೇಜ್ ಕಂಪನಿಯವರು ಹೆಣೆದಾಗ ಬಂದದ್ದು. ನಿಮ್ಮ ಕೈಗೆ ಅಷ್ಟೇ ಬರಬೇಕೆಂದೇನೂ ಇಲ್ಲ. ನೂಲಿನ ದಪ್ಪ, ಕಡ್ಡಿಯ ದಪ್ಪ, ಹೆಣಿಗೆಯ ಡಿಸೈನ್, ಹೆಣೆಯುವವಳ ಕೈ, ಈ ನಾಲ್ಕೂ ಸೇರಿ ಗೇಜ್ ಆಗುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಸ್ಟೀಲ್ ಕಡ್ಡಿ ಬಿಟ್ಟು ಪ್ಲಾಸ್ಟಿಕ್ ಕಡ್ಡಿ ಹಿಡಿದರೂ ಕೆಲವರಿಗೆ ವ್ಯತ್ಯಾಸ ಬರುತ್ತದೆ. ಸ್ಟೀಲ್ ಮೇಲೆ ನೂಲು ಬೇಗ ಜಾರುತ್ತದೆ, ಪ್ಲಾಸ್ಟಿಕ್ ಮೇಲೆ ಸ್ವಲ್ಪ ತಡೆಯುತ್ತದೆ.

ಕುಣಿಕೆ ಮತ್ತು ಸಾಲು ಎರಡನ್ನೂ ಯಾಕೆ ಎಣಿಸಬೇಕು? ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹೆಣೆದ ಸಾದಾ ಹೆಣಿಗೆಯನ್ನು ಹತ್ತಿರದಿಂದ ನೋಡಿ. ಪ್ರತಿ ಕುಣಿಕೆಯೂ ಆಗತಾನೇ ಮೊಳೆತ ಸಸಿಯ ಎರಡು ಎಲೆಯ ಹಾಗೆ ಕಾಣುತ್ತದೆ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಆದ್ದರಿಂದ ಒಂದು ಇಂಚು ಅಗಲಕ್ಕೆ 6 ಕುಣಿಕೆ ಬಂದರೆ ಒಂದು ಇಂಚು ಉದ್ದಕ್ಕೆ 8 ಸಾಲು ಬೇಕಾಗಬಹುದು. ಅಗಲದ ಲೆಕ್ಕವನ್ನೇ ಉದ್ದಕ್ಕೂ ಹಾಕಿದರೆ ಬಟ್ಟೆ ಗಿಡ್ಡವಾಗುತ್ತದೆ.

ಮಾದರಿ ತುಂಡು ಹೆಣೆಯೋದು ಹೇಗೆ?

ಗೇಜ್ ತಿಳಿಯಲು ಇರೋದು ಒಂದೇ ದಾರಿ. ಸ್ವೆಟರ್ ಶುರು ಮಾಡುವ ಮೊದಲು ಅದೇ ನೂಲು, ಅದೇ ಕಡ್ಡಿ, ಅದೇ ಡಿಸೈನ್‌ನಲ್ಲಿ ಒಂದು ಚಿಕ್ಕ ತುಂಡು ಹೆಣೆಯಬೇಕು. "ಅಯ್ಯೋ, ಅಷ್ಟು ನೂಲು ದಂಡ" ಅನ್ನಬೇಡಿ. ಅದಕ್ಕೆ ಹಿಡಿಯೋದು ಸುಮಾರು ಹತ್ತು ಗ್ರಾಂ ನೂಲು, ಒಂದು ಸಂಜೆಯ ಸಮಯ.

1. ಕಡ್ಡಿಗೆ 40 ಕುಣಿಕೆ ಹಾಕಿ. 4 ಇಂಚು ಅಳೆಯಲು 24 ಸಾಕಲ್ಲವೇ ಅಂತ ಕೇಳಬಹುದು. ಬದಿಯ ಕುಣಿಕೆಗಳು ಯಾವಾಗಲೂ ಎಳೆದುಕೊಂಡು ಅಂಕುಡೊಂಕಾಗಿರುತ್ತವೆ. ಅವನ್ನು ಬಿಟ್ಟು ನಡುಭಾಗ ಅಳೆಯಬೇಕು, ಅದಕ್ಕೇ ತುಂಡು ದೊಡ್ಡದಿರಬೇಕು.

2. ಮೊದಲ 4 ಸಾಲು ಪೂರ್ತಿ ನಿಟ್ ಹೆಣೆಯಿರಿ. ಆಮೇಲೆ ಪ್ರತಿ ಸಾಲಿನಲ್ಲೂ ಎರಡು ಬದಿಗೆ ನಾಲ್ಕು ನಾಲ್ಕು ಕುಣಿಕೆ ನಿಟ್ ಹೆಣೆದು, ನಡುವಿನ 32 ಕುಣಿಕೆಯಲ್ಲಿ ನಿಮ್ಮ ಡಿಸೈನ್ ಹೆಣೆಯಿರಿ. ಹೀಗೆ ಅಂಚು ಇದ್ದರೆ ತುಂಡು ಸುರುಳಿ ಸುತ್ತಿಕೊಳ್ಳೋದಿಲ್ಲ.

3. ನಡುಭಾಗ ಐದೂವರೆ ಇಂಚು ಆದ ಮೇಲೆ ಮತ್ತೆ 4 ಸಾಲು ನಿಟ್ ಹೆಣೆದು ಮುಚ್ಚಿ. ನಿಮ್ಮ ಎಂದಿನ ಕೈಯಲ್ಲೇ ಹೆಣೆಯಿರಿ. ಪರೀಕ್ಷೆ ಅಂತ ಬೇಕೆಂದೇ ಬಿಗಿ ಮಾಡೋದು, ಸಡಿಲ ಮಾಡೋದು ಬೇಡ.

4. ಸ್ವೆಟರನ್ನು ಮುಂದೆ ಹೇಗೆ ಒಗೆಯುತ್ತಾರೋ ಹಾಗೆಯೇ ತುಂಡನ್ನೂ ಒಗೆಯಿರಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಚಾಪೆಯ ಮೇಲೆ ಹರಡಿ ಒಣಗಿಸಿ. ಒಗೆದ ಮೇಲೆ ಹೆಣಿಗೆ ಸಡಿಲವಾಗಿ ತನ್ನ ನಿಜವಾದ ಅಳತೆಗೆ ಬರುತ್ತದೆ. ಅಪ್ಪಟ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಮುದುಡಿ ಗಟ್ಟಿಯಾಗುತ್ತದೆ. ಅಕ್ರಿಲಿಕ್ ನೂಲಿನ ಮೇಲೆ ಬಿಸಿ ಇಸ್ತ್ರಿ ಇಡಲೇಬೇಡಿ. ಅದು ಜೀವ ಕಳೆದುಕೊಂಡು ಜೋತು ಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

5. ಒಣಗಿದ ತುಂಡನ್ನು ಮೇಜಿನ ಮೇಲೆ ಎಳೆಯದೆ ಇಡಿ. ಮಕ್ಕಳ ಮರದ ಅಥವಾ ಪ್ಲಾಸ್ಟಿಕ್ ಸ್ಕೇಲ್ ಬಳಸಿ. ಹಳೆಯ ಟೇಪ್ ಎಳೆದು ಎಳೆದು ಉದ್ದವಾಗಿರುತ್ತದೆ, ಅದನ್ನು ನಂಬಬೇಡಿ. ನಡುಭಾಗದಲ್ಲಿ 4 ಇಂಚಿಗೆ ಎರಡು ಗುಂಡುಪಿನ್ ಚುಚ್ಚಿ, ನಡುವಿನ ಕುಣಿಕೆ ಎಣಿಸಿ. ಅರ್ಧ ಕುಣಿಕೆ ಬಂದರೆ ಅದನ್ನೂ ಬರೆದುಕೊಳ್ಳಿ, ಬಿಡಬೇಡಿ. ಇದೇ ರೀತಿ ಮೇಲಿನಿಂದ ಕೆಳಗೆ 4 ಇಂಚಿಗೆ ಸಾಲುಗಳನ್ನು ಎಣಿಸಿ. ಎರಡು ಮೂರು ಕಡೆ ಎಣಿಸಿ ನೋಡಿದರೆ ಒಳ್ಳೆಯದು.

6. ಬಂದ ಸಂಖ್ಯೆಯನ್ನು 4ರಿಂದ ಭಾಗಿಸಿ. 24 ಕುಣಿಕೆ, 32 ಸಾಲು ಬಂದಿದ್ದರೆ ಇಂಚಿಗೆ 6 ಕುಣಿಕೆ, 8 ಸಾಲು. ಇದೇ ನಿಮ್ಮ ಗೇಜ್.

ಒಂದೇ ಇಂಚು ಅಳೆದರೆ ಸಾಲದೇ? ಸಾಲದು. ಒಂದು ಇಂಚಿನಲ್ಲಿ ಅರ್ಧ ಕುಣಿಕೆ ಹೆಚ್ಚುಕಡಿಮೆ ಆದದ್ದು ಗೊತ್ತಾಗೋದಿಲ್ಲ. 4 ಇಂಚಿನಲ್ಲಿ ಅದು 2 ಕುಣಿಕೆಯಾಗಿ ಎದ್ದು ಕಾಣುತ್ತದೆ.

ಎಣಿಸುವಾಗ ಕಣ್ಣು ತಪ್ಪುವವರಿಗೆ ಒಂದು ಉಪಾಯ. ದಪ್ಪ ರಟ್ಟಿನಲ್ಲಿ 4 ಇಂಚು ಉದ್ದ, 4 ಇಂಚು ಅಗಲದ ಕಿಟಕಿ ಕತ್ತರಿಸಿ. ಅದನ್ನು ತುಂಡಿನ ಮೇಲಿಟ್ಟು ಕಿಟಕಿಯೊಳಗೆ ಕಾಣುವಷ್ಟನ್ನೇ ಎಣಿಸಿದರಾಯಿತು. ಓದು ಬರಹ ಬಾರದ ಸದಸ್ಯೆಯರು ಕುಣಿಕೆಗೊಂದು ಹುಣಸೆ ಬೀಜ ಇಟ್ಟು ಎಣಿಸಬಹುದು. ಗುಣಾಕಾರ ಭಾಗಾಕಾರಕ್ಕೆ ಶಾಲೆಗೆ ಹೋಗುವ ಮಗಳನ್ನು ಕೂರಿಸಿಕೊಳ್ಳಿ. ಅವಳ ಗಣಿತಕ್ಕೂ ಅಭ್ಯಾಸವಾಗುತ್ತದೆ.

ಬೇಕಾದ ಗೇಜ್ ಬರದಿದ್ದರೆ?

ಗಿರಾಕಿಗೆ ಇಂಚಿಗೆ 6 ಕುಣಿಕೆಯ ಸ್ವೆಟರ್ ಬೇಕು, ನಿಮಗೆ ಆರೂವರೆ ಬಂತು ಅಂದುಕೊಳ್ಳಿ. ಕೈ ಸಡಿಲ ಮಾಡಿ ಹೆಣೆಯಲು ಹೋಗಬೇಡಿ. ನಾಲ್ಕು ಸಾಲು ಸಡಿಲವಾಗಿ ಬಂದೀತು, ಆಮೇಲೆ ಮಾತಿನ ಭರದಲ್ಲಿ ಕೈ ತನ್ನ ಹಳೇ ಅಭ್ಯಾಸಕ್ಕೇ ಹೋಗುತ್ತದೆ. ಕೈಯನ್ನು ಬಿಟ್ಟು ಕಡ್ಡಿಯನ್ನು ಬದಲಾಯಿಸಿ. ಕುಣಿಕೆ ಹೆಚ್ಚು ಬಂದರೆ ಸ್ವಲ್ಪ ದಪ್ಪ ಕಡ್ಡಿ, ಕಡಿಮೆ ಬಂದರೆ ಸ್ವಲ್ಪ ಸಣ್ಣ ಕಡ್ಡಿ ತೆಗೆದುಕೊಂಡು ಮತ್ತೊಂದು ತುಂಡು ಹೆಣೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರ್ ಇರುತ್ತದೆ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣದು. 11ನೇ ನಂಬರ್ 3 ಮಿ.ಮೀ., 10ನೇ ನಂಬರ್ 3.25 ಮಿ.ಮೀ., 9ನೇ ನಂಬರ್ 3.75 ಮಿ.ಮೀ., 8ನೇ ನಂಬರ್ 4 ಮಿ.ಮೀ., 7ನೇ ನಂಬರ್ 4.5 ಮಿ.ಮೀ. ಅಮೆರಿಕದ ಪುಸ್ತಕಗಳಲ್ಲಿ ಇದು ಉಲ್ಟಾ. ಅಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ದಪ್ಪ. ಅವರ 8ನೇ ನಂಬರ್ ಅಂದರೆ 5 ಮಿ.ಮೀ. ಯಾರಾದರೂ ಮೊಬೈಲ್‌ನಲ್ಲಿ ಹೊರದೇಶದ ಡಿಸೈನ್ ತೋರಿಸಿ "8ನೇ ನಂಬರ್ ಕಡ್ಡಿ" ಅಂದರೆ ತಕ್ಷಣ ಒಪ್ಪಬೇಡಿ, ಎಷ್ಟು ಮಿಲಿಮೀಟರ್ ಅಂತ ಕೇಳಿ.

ಕೆಲವೊಮ್ಮೆ ಕುಣಿಕೆ ಸರಿ ಬರುತ್ತದೆ, ಸಾಲು ಮಾತ್ರ ಹೊಂದುವುದಿಲ್ಲ. ಆಗ ಕಡ್ಡಿ ಬದಲಾಯಿಸಬೇಡಿ. ಅಗಲ ಸರಿ ಇದ್ದರೆ ಅರ್ಧ ಗೆದ್ದ ಹಾಗೆ. ಉದ್ದವನ್ನು ನಿಮ್ಮ ಸಾಲಿನ ಲೆಕ್ಕದಲ್ಲಿ ಹೊಸದಾಗಿ ಹಾಕಿಕೊಂಡರಾಯಿತು.

ಸ್ವೆಟರ್‌ನ ಅಗಲ: ಕುಣಿಕೆಯ ಲೆಕ್ಕ

ಸೂತ್ರ ಬಹಳ ಸುಲಭ. ಬೇಕಾದ ಅಗಲವನ್ನು ಇಂಚಿನ ಕುಣಿಕೆಯಿಂದ ಗುಣಿಸಿ, ಜೋಡಣೆಗೆ 2 ಸೇರಿಸಿ.

14 ಇಂಚು × 6 ಕುಣಿಕೆ = 84. 84 + 2 = 86.

ಕೆಳಗಿನ ಅಂಚಿಗೆ ಎರಡು ನಿಟ್, ಎರಡು ಪರ್ಲ್ ರಿಬ್ ಹಾಕುವುದಾದರೆ ಕುಣಿಕೆಗಳ ಸಂಖ್ಯೆ 4ರಿಂದ ಭಾಗವಾಗಿ 2 ಉಳಿಯಬೇಕು. ಆಗ ಎರಡೂ ಬದಿ ಎರಡು ನಿಟ್‌ನಿಂದ ಮುಗಿದು ಜೋಡಣೆ ಚೆಂದ ಬರುತ್ತದೆ. 86 ಸರಿಯಾಗಿ ಹೊಂದುತ್ತದೆ.

ಕಡ್ಡಿ ಬದಲಿಸಲು ಬೇರೆ ಕಡ್ಡಿಯೇ ಇಲ್ಲ ಅಂದರೆ ಏನು ಮಾಡೋದು? ನಿಮ್ಮ ಗೇಜ್‌ಗೆ ತಕ್ಕ ಹಾಗೆ ಕುಣಿಕೆಯನ್ನೇ ಬದಲಿಸಿ. ಬಿಗಿ ಕೈಯವಳಿಗೆ 14 × 6.5 = 91, ಜೋಡಣೆಗೆ 2, ಒಟ್ಟು 93. ರಿಬ್‌ಗೆ ಹೊಂದಿಸಲು 94 ಹಾಕಬೇಕು. ಸಡಿಲ ಕೈಯವಳಿಗೆ 14 × 5.5 = 77, ಜೋಡಣೆಗೆ 2, ಒಟ್ಟು 79. ರಿಬ್‌ಗೆ ಹೊಂದಿಸಲು 78. ಈಗ ನೋಡಿ, ಒಬ್ಬಳು 94, ಒಬ್ಬಳು 86, ಒಬ್ಬಳು 78 ಹಾಕಿದರೂ ಮೂವರ ಸ್ವೆಟರೂ ಒಂದೇ ಅಳತೆಗೆ ಬರುತ್ತದೆ! ನೆರೆಮನೆಯವಳ ಸಂಖ್ಯೆಯನ್ನು ನಕಲು ಮಾಡಬಾರದು ಅನ್ನೋದು ಇದಕ್ಕೇ.

ಆದರೆ ಒಂದೇ ಆರ್ಡರ್‌ನ ಮಾಲಿಗೆ ಕಡ್ಡಿ ಬದಲಿಸುವ ದಾರಿಯೇ ಮೇಲು. ಕುಣಿಕೆ ಬದಲಿಸಿದರೆ ಅಳತೆ ಸಮ ಬಂದರೂ ಒಂದು ಸ್ವೆಟರ್ ಗಟ್ಟಿಯಾಗಿ, ಇನ್ನೊಂದು ಜಾಳಾಗಿ ಕಾಣುತ್ತದೆ.

ಸ್ವೆಟರ್‌ನ ಉದ್ದ ಮತ್ತು ತೋಳು: ಸಾಲಿನ ಲೆಕ್ಕ

ನಮ್ಮ ಸ್ವೆಟರ್‌ನ ಪೂರ್ತಿ ಉದ್ದ 16 ಇಂಚು ಇರಲಿ. ಕೆಳಗಿನ ರಿಬ್ 2 ಇಂಚು, ಅಲ್ಲಿಂದ ಕಂಕುಳವರೆಗೆ 8 ಇಂಚು, ಕಂಕುಳಿಂದ ಭುಜದವರೆಗೆ 6 ಇಂಚು. ರಿಬ್‌ನ ಗೇಜ್ ಬೇರೆ, ಅದನ್ನು ಸ್ಕೇಲ್ ಇಟ್ಟು ಅಳೆದರೆ ಸಾಕು. ಉಳಿದದ್ದಕ್ಕೆ ಲೆಕ್ಕ ಹೀಗೆ: 8 × 8 = 64 ಸಾಲು ಕಂಕುಳವರೆಗೆ, 6 × 8 = 48 ಸಾಲು ಭುಜದವರೆಗೆ. ಮುಂಭಾಗ, ಹಿಂಭಾಗ ಎರಡಕ್ಕೂ ಸಾಲು ಎಣಿಸಿ ಹೆಣೆದರೆ ಬದಿ ಹೊಲಿಯುವಾಗ ಒಂದು ಉದ್ದ, ಒಂದು ಗಿಡ್ಡ ಆಗೋದಿಲ್ಲ.

ಸಾಲಿನ ಲೆಕ್ಕ ನಿಜವಾಗಿ ಬೇಕಾಗೋದು ತೋಳಿಗೆ. ತೋಳು ಮಣಿಕಟ್ಟಿನಲ್ಲಿ ಕಿರಿದು, ಮೇಲೆ ಅಗಲ. ರಿಬ್ ಮುಗಿದ ಮೇಲೆ 7 ಇಂಚು ಅಗಲ ಬೇಕು: 7 × 6 = 42, ಜೋಡಣೆಗೆ 2, ಒಟ್ಟು 44 ಕುಣಿಕೆ. ಕಂಕುಳ ಹತ್ತಿರ 11 ಇಂಚು ಬೇಕು: 11 × 6 = 66, ಜೋಡಣೆಗೆ 2, ಒಟ್ಟು 68 ಕುಣಿಕೆ. ಅಂದರೆ 24 ಕುಣಿಕೆ ಹೆಚ್ಚಿಸಬೇಕು. ಹೆಚ್ಚಿಸುವಾಗ ಎಡಕ್ಕೊಂದು, ಬಲಕ್ಕೊಂದು, ಒಂದು ಸಲಕ್ಕೆ ಎರಡು ಹೆಚ್ಚುತ್ತದೆ. ಹಾಗಾಗಿ 12 ಸಲ ಹೆಚ್ಚಿಸಬೇಕು.

ಈ ಭಾಗದ ಉದ್ದ 10 ಇಂಚು. 10 × 8 = 80 ಸಾಲು. 80ನ್ನು 12ರಿಂದ ಭಾಗಿಸಿದರೆ ಆರೂವರೆಗಿಂತ ಸ್ವಲ್ಪ ಜಾಸ್ತಿ. ಅರ್ಧ ಸಾಲು ಹೆಣೆಯಲು ಆಗೋದಿಲ್ಲ, ಆದ್ದರಿಂದ ಪ್ರತಿ 6ನೇ ಸಾಲಿನಲ್ಲಿ ಹೆಚ್ಚಿಸಿ. 12 × 6 = 72 ಸಾಲು. ಉಳಿದ 8 ಸಾಲು ಹೆಚ್ಚಿಸದೆ ನೇರ ಹೆಣೆಯಿರಿ. ತೋಳು ಎರಡೂ ಕಡೆ ಸಮವಾಗಿ, ನಿಧಾನಕ್ಕೆ ಅಗಲವಾಗುತ್ತಾ ಹೋಗುತ್ತದೆ.

ಇಂಚಿಗೆ 7 ಸಾಲು ಬರುವವಳು ಇದೇ 80 ಸಾಲು ಹೆಣೆದರೆ ಏನಾಗುತ್ತದೆ? 80ನ್ನು 7ರಿಂದ ಭಾಗಿಸಿ ನೋಡಿ, ಹನ್ನೊಂದೂವರೆ ಇಂಚಿನ ಹತ್ತಿರ ಬರುತ್ತದೆ. ತೋಳು ಮಗುವಿನ ಬೆರಳು ಮುಚ್ಚುತ್ತದೆ. "ಮಗು ಬೆಳೀತದೆ ಬಿಡಿ" ಅಂತ ಮನೆಯಲ್ಲಾದರೆ ಹೇಳಬಹುದು, ಗಿರಾಕಿಗೆ ಹೇಳಲಾಗದು.

ಹಸುಗೂಸಿನ ಟೋಪಿ

ಹುಟ್ಟಿದ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಅಲ್ಲಿಂದ ಮೈಯ ಬಿಸಿ ಬೇಗ ಹೊರಟುಹೋಗುತ್ತದೆ. ಕಡಿಮೆ ತೂಕದ ಮಗುವಿಗಂತೂ ಟೋಪಿ ಬೇಕೇ ಬೇಕು. ಹೊಸದಾಗಿ ಹೆಣಿಗೆ ಕಲಿಯುವವರು ಲೆಕ್ಕದ ಅಭ್ಯಾಸವನ್ನು ಟೋಪಿಯಿಂದಲೇ ಶುರು ಮಾಡಬಹುದು.

ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂ.ಮೀ., ಅಂದರೆ ಸುಮಾರು ಹದಿಮೂರೂವರೆ ಇಂಚು. ಸ್ವೆಟರ್‌ಗೆ ಸಡಿಲ ಬಿಟ್ಟ ಹಾಗೆ ಟೋಪಿಗೆ ಬಿಡಬಾರದು. ಹೆಣಿಗೆ ಹಿಗ್ಗುತ್ತದೆ, ಆದ್ದರಿಂದ ತಲೆಗಿಂತ ಸ್ವಲ್ಪ ಕಡಿಮೆ, 12 ಇಂಚು ಸಾಕು. 12 × 6 = 72 ಕುಣಿಕೆ. ಎರಡು ಕಡ್ಡಿಯಲ್ಲಿ ಹೆಣೆದು ಹಿಂದೆ ಜೋಡಿಸುವುದಾದರೆ ಇನ್ನು 2 ಸೇರಿಸಿ.

ಮೊದಲು 4 ಇಂಚು ನೇರ: 4 × 8 = 32 ಸಾಲು. ಆಮೇಲೆ ನೆತ್ತಿ ಮುಚ್ಚಬೇಕು. 72ನ್ನು 8 ಭಾಗ ಮಾಡಿದರೆ ಭಾಗಕ್ಕೆ 9 ಕುಣಿಕೆ. ಒಂದು ಸಾಲಿನಲ್ಲಿ ಪ್ರತಿ ಭಾಗದ ಕೊನೆಗೆ ಎರಡು ಕುಣಿಕೆ ಸೇರಿಸಿ ಒಂದು ಮಾಡಿ, ಮುಂದಿನ ಸಾಲು ಸಾದಾ ಹೆಣೆಯಿರಿ. ಒಂದು ಸಲಕ್ಕೆ 8 ಕುಣಿಕೆ ಕಡಿಮೆಯಾಗುತ್ತದೆ. 8 ಸಲ ಹೀಗೆ ಮಾಡಿದರೆ 64 ಹೋಗಿ 8 ಉಳಿಯುತ್ತದೆ. ನೂಲು ತುಂಡರಿಸಿ ಆ 8 ಕುಣಿಕೆಯೊಳಗೆ ಪೋಣಿಸಿ ಎಳೆದು ಕಟ್ಟಿ. ಇದಕ್ಕೆ ಹಿಡಿದದ್ದು 16 ಸಾಲು, ಅಂದರೆ 2 ಇಂಚು. ಟೋಪಿಯ ಎತ್ತರ ಒಟ್ಟು 6 ಇಂಚು. ಕೂಸಿನ ಟೋಪಿಗೆ ಗುಂಡಿ, ಮಣಿ, ಉದ್ದದ ದಾರ ಹಾಕಬೇಡಿ, ಅದು ಅಪಾಯ.

ಪುಸ್ತಕದ ಡಿಸೈನ್ ನಮ್ಮ ಕೈಗೆ ತರೋದು

ಪುಸ್ತಕದಲ್ಲಿ "10 ಸೆಂ.ಮೀ.ಗೆ 22 ಕುಣಿಕೆ, 28 ಸಾಲು; 88 ಕುಣಿಕೆ ಹಾಕಿ" ಅಂತ ಇದೆ. ನಿಮ್ಮ ಗೇಜ್ 24 ಕುಣಿಕೆ, 32 ಸಾಲು. ಮೊದಲು ಅವರು ಎಷ್ಟು ಅಗಲ ಮಾಡಲು ಹೊರಟಿದ್ದಾರೆ ಅಂತ ಕಂಡುಹಿಡಿಯಿರಿ. ಸೆಂಟಿಮೀಟರಿಗೆ 2.2 ಕುಣಿಕೆ, ಹಾಗಾದರೆ 88ಕ್ಕೆ 40 ಸೆಂ.ಮೀ. ಈಗ ನಿಮ್ಮ ಲೆಕ್ಕ: 40 × 2.4 = 96 ಕುಣಿಕೆ. ಸಾಲಿಗೂ ಇದೇ ದಾರಿ. ಅವರ 56 ಸಾಲು ಅಂದರೆ 20 ಸೆಂ.ಮೀ., ನಿಮಗೆ 20 × 3.2 = 64 ಸಾಲು. ಆಮೇಲೆ ಡಿಸೈನ್‌ನ ಗುಣಕಕ್ಕೆ ಹೊಂದುವ ಹಾಗೆ ಒಂದೆರಡು ಕುಣಿಕೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಡಿಸೈನ್ ಬದಲಾದರೆ ಗೇಜ್ ಬದಲಾಗುತ್ತದೆ ಅನ್ನೋದನ್ನು ಮರೆಯಬೇಡಿ. ಜಡೆಯಂಥ ಕೇಬಲ್ ಡಿಸೈನ್ ಬಟ್ಟೆಯನ್ನು ಒಳಗೆ ಎಳೆಯುತ್ತದೆ, ಕುಣಿಕೆ ಹೆಚ್ಚು ಬೇಕು. ಎಲ್ಲಾ ಸಾಲೂ ನಿಟ್ ಹೆಣೆದರೆ ಸಾಲುಗಳು ಒತ್ತಾಗಿ ಕೂರುತ್ತವೆ, ಸಾಲು ಹೆಚ್ಚು ಬೇಕು.

ನೂಲು ಎಷ್ಟು ತರಬೇಕು?

ಮಾದರಿ ತುಂಡಿನಿಂದ ಇದೂ ಗೊತ್ತಾಗುತ್ತದೆ. ತುಂಡು ಆರೂವರೆ ಇಂಚು ಅಗಲ, 6 ಇಂಚು ಉದ್ದ, ಅಂದರೆ ಸುಮಾರು 40 ಚದರ ಇಂಚು ಇದೆ ಅನ್ನಿ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 10 ಗ್ರಾಂ ತೂಗಿತು. ಹಾಗಾದರೆ ಒಂದು ಚದರ ಇಂಚಿಗೆ ಕಾಲು ಗ್ರಾಂ. ಸ್ವೆಟರ್‌ನ ಮುಂಭಾಗ, ಹಿಂಭಾಗ ತಲಾ 14 × 16 = 224, ಎರಡು ಸೇರಿ 448 ಚದರ ಇಂಚು. ಎರಡು ತೋಳು ಅಂದಾಜು 250. ಒಟ್ಟು 700ರ ಹತ್ತಿರ. ಅದರ ಕಾಲುಭಾಗ 175 ಗ್ರಾಂ. ಕುತ್ತಿಗೆಯ ಪಟ್ಟಿ, ಹೊಲಿಗೆ, ತುಂಡು ನೂಲು ಎಲ್ಲಾ ಸೇರಿ 200 ಗ್ರಾಂ ಇಟ್ಟುಕೊಳ್ಳಿ. 20 ಸ್ವೆಟರ್‌ಗೆ 4 ಕಿಲೋ.

ಕಣ್ಣಂದಾಜಿನಲ್ಲಿ ಸ್ವೆಟರ್‌ಗೆ 25 ಗ್ರಾಂ ಜಾಸ್ತಿ ತಂದರೂ ಅರ್ಧ ಕಿಲೋ ನೂಲು ಕಪಾಟಿನಲ್ಲಿ ಕೂರುತ್ತದೆ. ಕಡಿಮೆ ತಂದರೆ ಇನ್ನೂ ತೊಂದರೆ. ಲೂಧಿಯಾನದಿಂದ ಬರುವ ನೂಲಿನ ಒಂದೊಂದು ಬಣ್ಣದ ಪಾಕದಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಲೇಬಲ್‌ನಲ್ಲಿ ಅದರ ಲಾಟ್ ನಂಬರ್ ಇರುತ್ತದೆ. ಒಂದೇ ಲಾಟಿನ ನೂಲನ್ನು ಒಂದೇ ಸಲ ತನ್ನಿ.

ಸಂಘದಲ್ಲಿ ಪಾಲಿಸಬೇಕಾದದ್ದು

- ಆರ್ಡರ್ ಒಪ್ಪಿಕೊಂಡ ಕೂಡಲೇ ಪ್ರತಿ ಸದಸ್ಯೆಯೂ ಮಾದರಿ ತುಂಡು ಹೆಣೆಯಬೇಕು. ಬಹಳ ವರ್ಷದ ಅನುಭವ ಇರುವವರೂ ಸೇರಿ.
- ಉಳಿತಾಯದ ಪುಸ್ತಕದ ಹಾಗೆ ಒಂದು ಗೇಜ್ ಪುಸ್ತಕ ಇಡಿ. ತಾರೀಕು, ಹೆಸರು, ನೂಲು, ಕಡ್ಡಿಯ ನಂಬರ್, 4 ಇಂಚಿಗೆ ಕುಣಿಕೆ, 4 ಇಂಚಿಗೆ ಸಾಲು ಬರೆಯಿರಿ.
- ಒಂದು ಸ್ವೆಟರನ್ನು ಒಬ್ಬಳೇ ಪೂರ್ತಿ ಹೆಣೆಯಲಿ. ಮುಂಭಾಗ ಒಬ್ಬಳು, ಹಿಂಭಾಗ ಒಬ್ಬಳು ಬೇಡ.
- 4 ಇಂಚು ಹೆಣೆದ ಮೇಲೆ ಮತ್ತೆ ಎಣಿಸಿ. ಸುಸ್ತು, ಚಿಂತೆ, ಅವಸರ ಇದ್ದರೆ ಕೈಯ ಬಿಗಿ ಬದಲಾಗುತ್ತದೆ. 4 ಇಂಚು ಬಿಚ್ಚೋದು ಸುಲಭ, ಪೂರ್ತಿ ಸ್ವೆಟರ್ ಬಿಚ್ಚೋದು ಕಷ್ಟ.
- ಮಾದರಿ ತುಂಡುಗಳನ್ನು ಎಸೆಯಬೇಡಿ. ಚೀಟಿ ಕಟ್ಟಿ ಇಡಿ. ಸಾಕಷ್ಟು ಸೇರಿದ ಮೇಲೆ ಒಂದಕ್ಕೊಂದು ಹೊಲಿದರೆ ಮಗುವಿಗೊಂದು ಹೊದಿಕೆ ಆಗುತ್ತದೆ.

ಬಿಗಿ ಕೈ ತಪ್ಪಲ್ಲ, ಸಡಿಲ ಕೈಯೂ ತಪ್ಪಲ್ಲ. ನಮ್ಮ ನಮ್ಮ ನಡಿಗೆ, ಅಕ್ಷರ ಬೇರೆ ಇರುವ ಹಾಗೆ ಹೆಣಿಗೆಯ ಕೈಯೂ ಬೇರೆ. ಎಲ್ಲರ ಸಂಖ್ಯೆಯೂ ಪುಸ್ತಕದಲ್ಲಿ ಬರೆದಿದ್ದರೆ "ನಿನ್ನ ಕೈ ಸರಿಯಿಲ್ಲ" ಅನ್ನುವ ಮಾತಿಗೆ ಜಾಗವಿಲ್ಲ. "ನಿನಗೆ 8ನೇ ನಂಬರ್ ಕಡ್ಡಿ, ನನಗೆ 9ನೇ ನಂಬರ್" ಅಂದರೆ ಮುಗಿಯಿತು. ಯಾರೂ ತಲೆ ತಗ್ಗಿಸಬೇಕಾಗಿಲ್ಲ, ಯಾರೂ ಸಂಘ ಬಿಡಬೇಕಾಗಿಲ್ಲ.

ಮುಂದಿನ ಸಭೆಗೆ ಮಾಡಿಕೊಂಡು ಬನ್ನಿ

1. ಒಂದೇ ನೂಲು, 9ನೇ ನಂಬರ್ ಕಡ್ಡಿಯಲ್ಲಿ ಎಲ್ಲರೂ 40 ಕುಣಿಕೆಯ ಮಾದರಿ ತುಂಡು ಹೆಣೆದು, ಒಗೆದು, ಒಣಗಿಸಿ ತನ್ನಿ.
2. ಸಭೆಯಲ್ಲಿ ಒಬ್ಬರ ತುಂಡನ್ನು ಇನ್ನೊಬ್ಬರು ಎಣಿಸಿ, ಗೇಜ್ ಪುಸ್ತಕದಲ್ಲಿ ಬರೆಯಿರಿ.
3. 15 ಇಂಚು ಅಗಲದ ಸ್ವೆಟರ್‌ಗೆ ನಿಮ್ಮ ಕೈಗೆ ಎಷ್ಟು ಕುಣಿಕೆ ಬೇಕು ಅಂತ ಪ್ರತಿಯೊಬ್ಬರೂ ಲೆಕ್ಕ ಮಾಡಿ. ಎಲ್ಲರ ಉತ್ತರ ಬೇರೆ ಬೇರೆ ಬಂದರೆ ಗಾಬರಿಯಾಗಬೇಡಿ. ನಿಮ್ಮ ನಿಮ್ಮ ತುಂಡಿನ ಗೇಜ್‌ಗೆ ತಾಳೆ ನೋಡಿ, ತಾಳೆಯಾದರೆ ಎಲ್ಲರ ಉತ್ತರವೂ ಸರಿಯೇ.